ಉರ್ಕಿಯಾ ಹಾಲೆರೆದ ಕಲ್ಲು

ಉರ್ಕಿಯಾಳನ್ನು ಕೆಲಸಕ್ಕೆ ಸೇರಿಸಿಕೊಂಡಾಗ ಕಚೇರಿಯವರು ಕಾಗದದಲ್ಲಿ ಬರೆದದ್ದು "ಕಸ ಗುಡಿಸುವವಳು" ಎಂದು. ಗುಡಿಸಿದಳು, ಇಲ್ಲವೆನ್ನುವುದಿಲ್ಲ. ಆದರೆ ಆಲ್ಮಾ-ಅತಾ ಪಟ್ಟಣದ ಮೇಲಿನ ಬೆಟ್ಟದಲ್ಲಿದ್ದ ಆ ಪುಟ್ಟ ಸಂಶೋಧನಾ ಕೇಂದ್ರದಲ್ಲಿ ದೊಡ್ಡ ದೊಡ್ಡ ಪದವಿಯವರು ವರ್ಷಾನುಗಟ್ಟಲೆ ಕೂತು ಬರೆದರಲ್ಲ, ಅದರ ಅರ್ಧಕ್ಕರ್ಧ ಸರಕು ಇಳಿದು ಬಂದದ್ದು ಇವಳ ಬೆನ್ನಿನ ಚೀಲದಲ್ಲಿ. ಒಪ್ಪದವರು ಒಂದು ದಿನ ಆ ಚೀಲ ಹೊತ್ತು ನೋಡಲಿ.

ಕೇಂದ್ರದ ಕೆಲಸ ಏನೆಂದರೆ, ಮಂಗಳ ಗ್ರಹದಲ್ಲಿ ಗಿಡ ಇದೆಯೇ ಎಂದು ಪತ್ತೆ ಮಾಡುವುದು. ನಗಬೇಡಿ. ಆಗ ಅದು ನಗುವ ಮಾತಾಗಿರಲಿಲ್ಲ. ದುರ್ಬೀನಿನಲ್ಲಿ ಮಂಗಳದ ಮೇಲೆ ಕಪ್ಪು ಮಚ್ಚೆಗಳು ಕಾಣುತ್ತಿದ್ದವು, ಋತು ತಿರುಗಿದಂತೆ ಅವುಗಳ ಬಣ್ಣವೂ ತಿರುಗುತ್ತಿತ್ತು. ಅದು ಸೊಪ್ಪುಸದೆಯೇ ಸರಿ ಎಂದು ಮುಖ್ಯಸ್ಥರಾದ ಮತ್ವೇಯ್ ಇಲಿಚ್ ನಂಬಿದ್ದರು. ಅಲ್ಲಿ ಚಳಿ ಜಾಸ್ತಿ, ಗಾಳಿ ತೆಳು. ಇಲ್ಲಿ ಬೆಟ್ಟದ ನೆತ್ತಿಯಲ್ಲೂ ಹಾಗೇ. ಇಲ್ಲಿ ಬದುಕುವ ಗಿಡದ ಮೇಲಿಂದ ಬರುವ ಬೆಳಕನ್ನು ಗಾಜಿನ ಪಟ್ಟಕದಲ್ಲಿ ಬಿಡಿಸಿ ಅಲ್ಲಿಯ ಬೆಳಕಿನ ಜೊತೆ ಇಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ ಎನ್ನುವುದು ಅವರ ವಾದ. ಹಸಿರು ಜೀವ ಆ ಬೆಳಕಿನ ಪಟ್ಟಿಯಲ್ಲಿ ಒಂದು ಕಪ್ಪು ಗೆರೆ ಬಿಡುತ್ತದೆ. ಗೆರೆ ಇದ್ದರೆ ಜೀವ ಉಂಟು, ಇಲ್ಲದಿದ್ದರೆ ಇಲ್ಲ.

ಗಿಡ ಹುಡುಕಿ ತರುವವಳು ಉರ್ಕಿಯಾ. ಅವಳ ಕಣ್ಣಿಗೆ ಆ ಬೆಟ್ಟದಲ್ಲಿ ಗೊತ್ತಿಲ್ಲದ ಬೇರಿರಲಿಲ್ಲ. ಹಸಿವಿನ ವರ್ಷಗಳಲ್ಲಿ ಹಿಂಡೂ ಹೋಗಿ, ಮನೆಮಂದಿಯೂ ಹೋಗಿ, ಹತ್ತು ವರ್ಷದ ಹುಡುಗಿ ಅಜ್ಜಿಯ ಸೆರಗು ಹಿಡಿದು ಬೇರು ಕೆದಕಿ ತಿಂದು ಉಳಿದಿದ್ದಳು. ಯಾವುದು ಹೊಟ್ಟೆ ತುಂಬಿಸುತ್ತದೆ, ಯಾವುದು ಕೊಲ್ಲುತ್ತದೆ ಎಂಬ ಪಾಠ ಆಗಲೇ ಆಗಿಹೋಯಿತು. ಮುಂದೆ ಮದುವೆಯಾದಳು, ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಯುದ್ಧಕ್ಕೆ ಹೋದ, ಆಮೇಲೆ ಅವನ ಬದಲು ಒಂದು ಕಾಗದ ಬಂತು. ಈಗ ಅವಳಿಗೆ ಇದ್ದದ್ದು ಕೇಂದ್ರದ ಒಲೆಮನೆಯ ಹಿಂದಿನ ಒಂದು ಕೋಣೆ, ಒಂದು ಹಸು, ಕಣ್ಣು ಹಾಯಿಸಿದಷ್ಟೂ ಬೆಟ್ಟ. ಪಟ್ಟಣದಲ್ಲಿ ನಾದಿನಿಯ ಮನೆ ಇತ್ತು. ಎರಡು ಕೋಣೆ, ಐದು ಮಕ್ಕಳು, "ಉರ್ಕಿಯಾ ಒಲೆ ನೋಡು, ಉರ್ಕಿಯಾ ಮಗು ಎತ್ಕೋ." ಅಲ್ಲಿ ಎರಡು ದಿನ ಇದ್ದು ಬಂದರೆ ಅವಳಿಗೆ ಮೂರನೆಯ ದಿನ ಜ್ವರ ಬರುತ್ತಿತ್ತು.

ಲಾರಿ ಓಡಿಸುವ ತೊಕೇಶ್ ಗಂಡನ ಕಡೆಯ ದೂರದ ನೆಂಟ, ವಾವೆಯಲ್ಲಿ ಮೈದುನ. ಮೈದುನ ಎಂದಮೇಲೆ ಕೀಟಲೆ ಅವನ ಹಕ್ಕು.

"ಅತ್ತಿಗೇ, ಮಂಗಳದೋರು ಇಳಿದು ಬಂದ್ರೆ ಮೊದಲು ನಿಮ್ಮನ್ನೇ ಎತ್ಕೊಂಡು ಹೋಗೋದು," ಎನ್ನುತ್ತಿದ್ದ. "ಮೂರು ಕಣ್ಣು, ಬುರುಡೆ ಇಷ್ಟು ದಪ್ಪ. ಆದ್ರೆ ಮೀಸೆ ಮಾತ್ರ ನಂದೇ ಥರ!"

"ನಿನ್ನ ಮೀಸೆ ನೋಡಿದ್ರೆ ಅವರು ಇಳಿಯೋದೇ ಇಲ್ಲ ಬಿಡು, ಹಂಗೇ ವಾಪಸ್ ಹೋಗ್ತಾರೆ," ಎನ್ನುತ್ತಿದ್ದಳು ಇವಳು.

ಮತ್ವೇಯ್ ಇಲಿಚ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಲ್ಲಯ್ಯಾ, ಅವರಿಗೆ ಮೀಸೆ ಯಾಕಯ್ಯಾ ಬರಬೇಕು? ಅಲ್ಲಿರೋದು ಪಾಚಿ, ಕುರುಚಲು ಗಿಡ. ನಮ್ಮ ಬೆಟ್ಟದ ಮೇಲಿಲ್ವಾ, ಹಾಗೇ. ಸ್ವಲ್ಪ ನೀಲಿ ಇರಬಹುದು, ಅಷ್ಟೇ." ಈ ಮಾತಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಓದಿದವರು ಹೇಳಿದ್ದಲ್ಲವೇ.

ಗಿಡಗಳ ಜೊತೆ ಹೋಲಿಸಿ ನೋಡಲು ಜೀವವಿಲ್ಲದ ವಸ್ತುವೂ ಬೇಕಲ್ಲ, ಅದಕ್ಕೆಂದು ಕಿಟಕಿಯ ಹೊರಗಿನ ಹಲಗೆಯ ಮೇಲೆ ಬರಿಗಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಒಂದೊಂದಕ್ಕೂ ನಂಬರು, ಪಕ್ಕದಲ್ಲಿ "ನಿರ್ಜೀವ" ಎಂಬ ಚೀಟಿ. ಬ್ರಷ್ ಹಾಕಿ ಸೋಡಾದಲ್ಲಿ ಉಜ್ಜಿ ಇಡಬೇಕು ಎಂದು ಉರ್ಕಿಯಾಗೆ ಅಪ್ಪಣೆಯಾಗಿತ್ತು. ಹತ್ತು ಕಲ್ಲು ಉಜ್ಜಿದಳು. ಹನ್ನೊಂದನೆಯದು ಹಿಮದ ಅಂಚಿನಿಂದ ಅವಳೇ ಕಿತ್ತು ತಂದದ್ದು. ಅದರ ಮೈಮೇಲೆ ತೆಳುವಾದ ಕಪ್ಪು ಸಿಪ್ಪೆ. ಬ್ರಷ್ ಎತ್ತಿದಳು, ಕೈ ಬರಲಿಲ್ಲ. ಎಷ್ಟು ಕಾಲ ಬೇಕಾಯಿತೋ ಇಷ್ಟು ಸಿಪ್ಪೆ ಕಟ್ಟಲು, ತನ್ನ ಪಾಡಿಗೆ ತಾನು ಬಿದ್ದಿತ್ತು, ಎಬ್ಬಿಸಿ ತಂದೆನಲ್ಲ ಎಂದು ಮನಸ್ಸು ಚುರುಕ್ ಎಂದಿತು. ಅವಳ ಮಂದಿಯಲ್ಲಿ ಮನೆಯೊಳಗೆ ಹಾವು ಬಂದರೆ ಹೊಡೆಯುವುದಿಲ್ಲ. ಯಾರೋ ಏನೋ, ಯಾವ ರೂಪದಲ್ಲಿ ಬಂದರೋ ಎಂದು ತಲೆಯ ಮೇಲೆ ಬಿಳಿಯದು ಎರೆಯುತ್ತಾರೆ, ಹಾಲಾಗಲಿ ಮೊಸರಾಗಲಿ, ಆಮೇಲೆ ಬಾಗಿಲು ತೋರಿಸಿ ಕಳಿಸುತ್ತಾರೆ. ಕಲ್ಲನ್ನು ಕಳಿಸುವ ಹಾಗಿರಲಿಲ್ಲ. ಹಾಗಾಗಿ ಪ್ರತಿ ಶುಕ್ರವಾರ ಹಾಲು ಕರೆದ ಮೇಲೆ ಒಂದು ಚಮಚ ಹಾಲು ಅದರ ಮೇಲೆ ಎರೆದು, "ಬೇಜಾರು ಮಾಡ್ಕೋಬೇಡಪ್ಪಾ," ಎಂದು ಹೇಳಿ ಬರುತ್ತಿದ್ದಳು. ಎರಡು ವರ್ಷ ಒಂದು ಶುಕ್ರವಾರವೂ ತಪ್ಪಿಸಲಿಲ್ಲ.

ಕೇಂದ್ರಕ್ಕೆ ಹನ್ನೆರಡು ವರ್ಷ ತುಂಬಿದ ಜೂನ್ ತಿಂಗಳಲ್ಲಿ ಮೇಲಿನವರಿಂದ ಪತ್ರ ಬಂತು. ರಾಜಧಾನಿಯಿಂದ ಮೂವರು ಪಟ್ಟಣಕ್ಕೆ ಬರುತ್ತಾರೆ, ಗುರುವಾರ ಸಭೆ. ಇಷ್ಟು ವರ್ಷ ಏನು ಕಂಡಿರಿ ಹೇಳಿ, ಹೇಳಲು ಏನೂ ಇಲ್ಲದಿದ್ದರೆ ಬೀಗ ಹಾಕಿ ಇಳಿದು ಬನ್ನಿ ಎಂದು. ಬೀಗ ಬಿದ್ದರೆ ಒಲೆಮನೆಯ ಹಿಂದಿನ ಕೋಣೆಗೂ ಬಿತ್ತು. ಉರ್ಕಿಯಾಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೋಮವಾರ ಮಧ್ಯಾಹ್ನ ಅವಳು ಸಗಣಿ ತಟ್ಟುತ್ತಿದ್ದಾಗ ಮತ್ವೇಯ್ ಇಲಿಚ್ ಓಡಿ ಬಂದರು. ಅರವತ್ತರ ಮನುಷ್ಯ, ಕನ್ನಡಕ ಹಣೆಯ ಮೇಲೆ, ಒಂದು ಕಾಲಿಗೆ ಮಾತ್ರ ಬೂಟು.

"ಗೆರೆ! ಉರ್ಕಿಯಾ, ಗೆರೆ ಬಂತು!" ಅವಳ ಸಗಣಿ ಕೈಯನ್ನೇ ಹಿಡಿದು ಮುತ್ತಿಟ್ಟರು. "ಎಲೆ ಇಲ್ಲ, ಬೇರಿಲ್ಲ, ಬರೀ ಕಲ್ಲಿನ ಮೇಲಿನ ಸಿಪ್ಪೆ. ಅದಕ್ಕೆ ಜೀವ ಇದೆ! ಕಲ್ಲಲ್ಲೇ ಜೀವ ಇರೋದಾದ್ರೆ ಮಂಗಳದಲ್ಲಿ ಯಾಕಿರಬಾರ್ದು? ಇನ್ನು ಈ ಬಾಗಿಲಿಗೆ ಬೀಗ ಹಾಕೋನು ಹುಟ್ಟಿ ಬರ್ಬೇಕು!"

"ಯಾವ ಕಲ್ಲು?" ಎಂದಳು ಉರ್ಕಿಯಾ.

"ಹನ್ನೊಂದು!"

ಅವಳು ಹಾಲೆರೆದ ಕಲ್ಲು ಅದೇ. ಬಾಯಿಗೆ ಬಂದ ಮಾತನ್ನು ನುಂಗಿದಳು. ಅಯ್ಯೋ, ಆ ಮುಖ ನೋಡಿದರೆ ಯಾರಾದರೂ ನುಂಗುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅವರ ಮುಖ ಹಾಗೆ ಅರಳಿದ್ದನ್ನು ಅವಳು ಕಂಡಿರಲಿಲ್ಲ.

ಮೂರು ದಿನ ಒದ್ದಾಡಿದಳು. ಹಾಲಿನ ಪಾತ್ರೆ ತೊಳೆಯುವ ಹಾಸುಗಲ್ಲಿನ ಮುಂದೆ ಕೂತಾಗಲೆಲ್ಲ ಕಣ್ಣು ಆ ಕಲ್ಲಿನ ಅಂಚಿಗೇ ಹೋಗುತ್ತಿತ್ತು. ಹಾಲು ಚೆಲ್ಲಿ ಚೆಲ್ಲಿ ಅಲ್ಲಿ ವರ್ಷವಿಡೀ ಹಸಿರು ಲೋಳೆ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗಬೇಕು? ಕೋಣೆ ಉಳಿಯುತ್ತದೆ, ಹಸು ಉಳಿಯುತ್ತದೆ, ಮುದುಕನ ನಗುವೂ ಉಳಿಯುತ್ತದೆ. ಬಾಯಿ ಬಿಟ್ಟರೆ ನಾದಿನಿಯ ಮನೆ. ಒಮ್ಮೆ ತನಗೆ ತಾನೇ "ನಾನು ಕಸ ಗುಡಿಸೋಳು, ನಂಗ್ಯಾಕೆ ಬೇಕು ಈ ಉಸಾಬರಿ," ಎಂದುಕೊಂಡಳು ಸಹ. ಆದರೆ ಆ ಮನುಷ್ಯ ಮೂರು ಜನರ ಮುಂದೆ ನಿಂತು ತನ್ನ ಹಾಲಿನ ಲೋಳೆಯನ್ನು ಲೋಕದ ಗುಟ್ಟು ಎಂದು ಹೇಳುವುದನ್ನು ನೆನೆದರೆ ಆ ಸಮಾಧಾನ ನಿಲ್ಲುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ತೊಕೇಶ್ ಲಾರಿ ಚಾಲೂ ಮಾಡಿದ. ಮತ್ವೇಯ್ ಇಲಿಚ್ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಹತ್ತಿಯಲ್ಲಿ ಸುತ್ತಿದ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಉರ್ಕಿಯಾ ಹೋಗಿ ಬಾಗಿಲು ಹಿಡಿದುಕೊಂಡಳು.

"ಇಳೀರಿ. ಒಂದು ಮಾತಿದೆ."

"ಬಂದಮೇಲೆ ಹೇಳಿ, ಉರ್ಕಿಯಾ."

"ಬಂದಮೇಲೆ ಹೇಳೋದಲ್ಲ. ಆ ಕಲ್ಲನ್ನ ನಾನು ಉಜ್ಜಿಲ್ಲ. ಪ್ರತಿ ಶುಕ್ರವಾರ ಅದರ ಮೇಲೆ ಹಾಲು ಎರೀತಿದ್ದೆ."

ತೊಕೇಶ್ ಎಂಜಿನ್ ನಿಲ್ಲಿಸಿದ. ಮತ್ವೇಯ್ ಇಲಿಚ್ ಲಾರಿಯಿಂದ ತಲೆ ಹೊರಹಾಕಿದರು.

"ಹಾಲಾ? ಕಲ್ಲಿಗೆ? ಯಾಕೆ?"

"ಮನೆಗೆ ಬಂದಿದ್ದಲ್ವಾ."

"ಹಾಲು ಹಾಕಿದ್ರೇನಾಯ್ತು, ಹಾಲಲ್ಲಿ ಆ ಗೆರೆ ಬರಲ್ಲ!"

"ಬನ್ನಿ ತೋರಿಸ್ತೀನಿ," ಎಂದು ಅವರನ್ನು ಹಾಸುಗಲ್ಲಿನ ಹತ್ತಿರ ಕರೆದುಕೊಂಡು ಹೋದಳು. ಅವರು ಬಗ್ಗಿದರು, ಲೋಳೆಯನ್ನು ಬೆರಳಲ್ಲಿ ಒರೆಸಿ ನೋಡಿದರು. ಹತ್ತಿ ಬಿಚ್ಚಿ ಕಲ್ಲನ್ನು ಪಕ್ಕದಲ್ಲಿಟ್ಟು ನೋಡಿದರು. ಕಪ್ಪು ಸಿಪ್ಪೆಯ ಬಿರುಕುಗಳೊಳಗೆ ಅದೇ ಹಸಿರು, ಕೂದಲೆಳೆಯಷ್ಟು. ಗೆರೆ ಬಿಟ್ಟದ್ದು ಸಿಪ್ಪೆಯಲ್ಲ, ಹಾಲು ಕುಡಿದು ಬೆಳೆದ ಈ ಲೋಳೆ. ಮತ್ತೆ ಎದ್ದು ನಿಲ್ಲಲಿಲ್ಲ, ಅಲ್ಲೇ ಕೂತುಬಿಟ್ಟರು. ಆಮೇಲೆ ಸಿಟ್ಟು ನೆತ್ತಿಗೇರಿತು.

"ನನ್ನ ಹನ್ನೆರಡು ವರ್ಷಾನ ಒಂದು ಚಮಚ ಹಾಲಲ್ಲಿ ಮುಳುಗಿಸಿದ್ರಲ್ರೀ! ಅದಕ್ಕೆ ಹಾಲು ಬೇಕು ಅಂತ ನಿಮಗೆ ಹೇಳಿದ್ದು ಯಾರು?"

"ಯಾರೂ ಹೇಳಿಲ್ಲ. ನಂಗೆ ಇಷ್ಟ, ಅದಕ್ಕೂ ಇಷ್ಟ ಅಂದ್ಕೊಂಡೆ. ತಪ್ಪು ನಂದೇ." ತೊಕೇಶನ ಕಡೆ ಕೈ ತೋರಿಸಿದಳು. "ಆದ್ರೆ ಒಂದು ಹೇಳ್ತೀನಿ, ಬೈದ್ರೆ ಬೈರಿ. ಈ ತೊಕೇಶ ತನ್ನ ಮೀಸೇನ ಮಂಗಳಕ್ಕೆ ಕಳ್ಸಿದ. ನೀವು ಈ ಬೆಟ್ಟದ ಗಿಡ ಕಳ್ಸಿದ್ರಿ. ನಾನು ನನ್ನ ಹಾಲು ಕಳ್ಸಿದೆ. ಅಲ್ಲಿರೋರು ಯಾರು, ಅವರಿಗೇನು ಬೇಕು ಅಂತ ನಾವು ಮೂರು ಜನದಲ್ಲಿ ಒಬ್ರಾದ್ರೂ ಕೇಳಿದ್ವಾ?"

ಮತ್ವೇಯ್ ಇಲಿಚ್ ಎದ್ದರು. ಕಲ್ಲನ್ನು ಅಲ್ಲೇ ಬಿಟ್ಟು ಲಾರಿ ಹತ್ತಿದರು. ಲಾರಿ ಇಳಿದು ಹೋಯಿತು. ಉರ್ಕಿಯಾ ಕೋಣೆಗೆ ಹೋಗಿ ಕಂಬಳಿ, ಕೆಟಲು, ಗಂಡನ ಒಂದು ಫೋಟೋ ಎಲ್ಲವನ್ನೂ ಗಂಟು ಕಟ್ಟಿದಳು. ಕಟ್ಟಿ ಮುಗಿಸಿ ಹಸುವಿನ ಕೊರಳಿಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತಳು. ಅಳುವುದಕ್ಕೆ ಅವಳಿಗೆ ನಾಚಿಕೆ ಇರಲಿಲ್ಲ. ಹೇಳದೆ ಉಳಿದಿದ್ದರೆ ಇರುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಲಾರಿ ಹತ್ತಿ ಬಂತು. ಮೊದಲು ಹಾರಿ ಇಳಿದವನು ತೊಕೇಶ್.

"ಅತ್ತಿಗೇ, ಎಲ್ಲಾ ಹೇಳ್ಬಿಟ್ರು! ಹಾಲು, ಹಾಸುಗಲ್ಲು, ನನ್ನ ಮೀಸೇನೂ ಬಿಡ್ಲಿಲ್ಲ! ಕಿಟಕಿ ಹತ್ರ ನಿಂತು ನಾನೇ ಕೇಳ್ಸ್ಕೊಂಡೆ. ಒಬ್ಬ ನಕ್ಕ, ಇನ್ನೊಬ್ಬ ಫೈಲು ಮುಚ್ಚಿದ."

"ಮೂರನೇಯೋರು?" ಉರ್ಕಿಯಾ ಕೇಳಿದ್ದು ಮತ್ವೇಯ್ ಇಲಿಚ್‌ರನ್ನು.

"ಮೂರನೇಯೋರು ಒಬ್ರು ಮುದುಕಿ," ಎಂದರು ಅವರು. ಒಂದೇ ದಿನದಲ್ಲಿ ಸೊರಗಿದ್ದರು, ಆದರೆ ದನಿ ನೆಟ್ಟಗಿತ್ತು. "ಉಜ್ಜದೇ ಇರೋ, ಹಾಲೂ ಎರೆಯದ ಕಲ್ಲು ಇದೆಯಾ ಅಂತ ಕೇಳಿದ್ರು. ಇಲ್ಲ, ಹುಡುಕ್ತೀವಿ ಅಂದೆ. ಒಂದು ವರ್ಷ ಕೊಟ್ಟಿದ್ದಾರೆ." ಬಾಗಿಲ ಬಳಿಯ ಗಂಟನ್ನು ಆಗ ನೋಡಿದರು. "ಇದೇನಿದು? ಬಿಚ್ಚಿ, ಬಿಚ್ಚಿ. ನೀವು ಹೋದ್ರೆ ಕಲ್ಲು ಹುಡುಕೋದು ಯಾರು, ಈ ಮೀಸೆಯವನಾ?"

ಆ ಒಂದು ವರ್ಷ ಎಳೆದು ಎಳೆದು ಹತ್ತಾಯಿತು, ಉರ್ಕಿಯಾ ಅಷ್ಟೂ ವರ್ಷ ಅಲ್ಲೇ ಇದ್ದಳು. ಅವಳು ಬದುಕಿನಲ್ಲಿ ಮಾಡಿದ ದೊಡ್ಡ ಕೆಲಸ ಯಾವುದು ಎಂದು ಕೇಳಿದರೆ ತೊಕೇಶ್, ಅವಳು ಲಾರಿಯ ಬಾಗಿಲು ಹಿಡಿದು ನಿಂತದ್ದನ್ನು ಹೇಳುತ್ತಿದ್ದ. ಅದೂ ದೊಡ್ಡದೇ. ಆದರೆ ಸಭೆಯ ಮುಂದಿನ ವಾರದ್ದು ಅದಕ್ಕಿಂತ ಒಂದು ಕೈ ಮೇಲು.

ಮುಂದಿನ ವಾರ ಅವಳು ಇನ್ನೂ ಮೇಲಿನ ಕಣಿವೆಯಿಂದ ಒಂದು ಕಲ್ಲು ತಂದಳು. ಬರಿಗೈ ತಾಗದಂತೆ ಬಟ್ಟೆಯಲ್ಲಿ ಹಿಡಿದು ತಂದದ್ದು. ಮತ್ವೇಯ್ ಇಲಿಚ್ ಅದನ್ನು ಬಿಸಿಲಿಗಿಟ್ಟು, ಬೆಳಕು ಬಿಡಿಸಿ, ನಾಲ್ಕು ಸಲ ಪಟ್ಟಿ ತೆಗೆದರು. ಗೆರೆ ಇರಲಿಲ್ಲ. ನಿಟ್ಟುಸಿರು ಬಿಟ್ಟು ದಪ್ಪ ದಾಖಲೆ ಪುಸ್ತಕ ತೆರೆದು ಒಂದು ಸಾಲು ಬರೆದರು. ದೊಡ್ಡವಳಾದ ಮೇಲೆ ಅಕ್ಷರ ಕಲಿತ ಉರ್ಕಿಯಾ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು.

"ಜೀವ ಇಲ್ಲ," ಎಂದು ಓದಿ ತಲೆ ಎತ್ತಿದಳು. "ಇಲ್ಲ ಅಂತ ಹೆಂಗೆ ಗೊತ್ತಾಯ್ತು?"

"ಗೆರೆ ಬರಲಿಲ್ವಲ್ಲ."

"ಗೆರೆ ನಮ್ಮ ಕಡೆ ಸೊಪ್ಪಿನದ್ದಲ್ವಾ? ಇದು ಬೇರೆ ಥರದ್ದಾದ್ರೆ?"

ಮತ್ವೇಯ್ ಇಲಿಚ್ ಪುಸ್ತಕವನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಕೊನೆಯ ಪದವನ್ನು ಹೊಡೆದುಹಾಕಿ ಅದರ ಮೇಲೆ "ಕಾಣಲಿಲ್ಲ" ಎಂದು ಬರೆದರು.

"ಯಾರಿಗೆ?" ಎಂದಳು ಉರ್ಕಿಯಾ.

"ಇಂಥ ಪುಸ್ತಕದಲ್ಲಿ ಯಾರಿಗೆ ಅಂತ ಬರೆಯೋ ಪದ್ಧತಿ ಇಲ್ಲ ಉರ್ಕಿಯಾ."

"ಹಾಲಿನ ತಪ್ಪನ್ನ ಸಭೇಲಿ ನನ್ನ ಹೆಸರು ಹಿಡಿದೇ ಹೇಳಿದ್ರಂತೆ. ಬೇಜಾರಿಲ್ಲ, ತಪ್ಪು ನಂದೇ. ಹಂಗಾದ್ರೆ ಕಾಣದ್ದು ಯಾರ ಕಣ್ಣಿಗೆ ಅಂತಾನೂ ಬರೀಬೇಕು."

ಅವರು ಲೇಖನಿಯನ್ನು ಮಸಿಯಲ್ಲಿ ಅದ್ದಿ, ಸಾಲಿನ ಮೊದಲಲ್ಲಿದ್ದ ಇಷ್ಟೇ ಇಷ್ಟು ಜಾಗದಲ್ಲಿ "ನನಗೆ" ಎಂದು ಬರೆದು, ಕೆಳಗೆ ಸಹಿ ಹಾಕಿದರು.