ಮೀನಿನ ತೊಟ್ಟಿಗೆ ಕಟ್ಟಿದ ಧಾರೆ

ನಮ್ಮ ಮನೆಗೆ ಯಾರೇ ಬಂದರೂ ಪಡಸಾಲೆಯ ಮೀನಿನ ತೊಟ್ಟಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ. ನಿಂತವರನ್ನು ಕಥೆ ಹೇಳದೆ ಬಿಡುವ ಅಭ್ಯಾಸ ನಮ್ಮವರಿಗಿಲ್ಲ. ಆ ಕಥೆ ಹೀಗೆ: ಮುಂಬೈಯಿಂದ ಬಂದ ಮೀನುಗಳು ಗದಗಿನ ಬೇಸಿಗೆಗೆ ಸಾಯಬೇಕಿತ್ತು. ಮನೆಯ ಹೆಣ್ಣುಮಗಳು ಈಶ್ವರನಿಗೆ ಕಟ್ಟುವಂತೆ ಅವುಗಳಿಗೂ ಧಾರೆ ಕಟ್ಟಿದಳು. ದೇವರು ಕಣ್ಣು ತೆರೆದ, ಮೀನು ಬದುಕಿದವು. ಅಜ್ಜ ಹೇಳಿದರೆ ಕಥೆ ಇಷ್ಟಕ್ಕೇ ಮುಗಿಯುತ್ತದೆ. ಅವ್ವ ಹೇಳಿದರೆ ಕೊನೆಗೆ ಕೈ ಮುಗಿಯುವುದೂ ಸೇರುತ್ತದೆ.

ನನ್ನ ಆಕ್ಷೇಪವಿದೆ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ನಿಂತು ಬಂದವಳು ನಾನು. ಈಗ ಧಾರವಾಡದ ಕಾಲೇಜಿನಲ್ಲೂ ಅದೇ ಚಟ. ಇಂಥದ್ದರಿಂದ ಇಂಥದ್ದಾಯಿತು ಎಂದು ಯಾರಾದರೂ ಹೇಳಿದರೆ, ಹೌದೇ, ನಡುವೆ ಏನೂ ಆಗಲಿಲ್ಲವೇ ಎಂದು ಕೇಳದೆ ಇರಲಾರೆ. ಧಾರೆ ಕಟ್ಟಿದ ಮೇಲೂ ಮೀನು ಸಾಯಲು ಹತ್ತಿದ್ದವು. ಕಥೆಯಲ್ಲಿ ಆ ಭಾಗವೇ ಇಲ್ಲ. ಅದನ್ನು ಬಿಟ್ಟರೆ, ನಾವು ಯಾರಿಗೆ ಋಣಿಗಳಾಗಿರಬೇಕೋ ಅವರೇ ಕಥೆಯಿಂದ ಹೊರಗೆ ಉಳಿಯುತ್ತಾರೆ.

ಕನ್ನಡದ ಜನಕ್ಕೆ ಒಂದೇ ರಾಜ್ಯ ಆಗುವುದಕ್ಕೆ ಹಿಂದಿನ ಬೇಸಿಗೆ ಅದು. ಬೆಟಗೇರಿಯಲ್ಲಿ ನಮ್ಮ ಮನೆ, ಅಜ್ಜ ಪೂಜೆ ಮಾಡುವ ಈಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಅಪ್ಪ ಶಾಲೆಯ ಮಾಸ್ತರ. ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಮದುವೆಯಾಗಿ ಮುಂಬೈಗೆ ಹೋಗಿದ್ದಳು. ಗಂಡ ತೀರಿಕೊಂಡ ಮೇಲೆ ಆ ವರ್ಷದ ಚಳಿಯಲ್ಲಿ ತಿರುಗಿ ಬಂದಳು. ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ, ಗೋಣಿಯಲ್ಲಿ ಸುತ್ತಿದ ಗಾಜಿನ ತೊಟ್ಟಿ. ರೈಲಿನಲ್ಲಿ ಅಷ್ಟು ದೂರವೂ ತೊಡೆಯ ಮೇಲೆ ಹಿಡಿದು ತಂದದ್ದು ಒಂದು ಉಪ್ಪಿನಕಾಯಿ ಭರಣಿ. ಅದರೊಳಗೆ ಐದು ಹೊಂಬಣ್ಣದ ಮೀನು. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿ ತೊಟ್ಟಿ ಮಾಡಿದ್ದು ಅವಳ ಗಂಡ, ನಮ್ಮ ಮಾಮಾ ಅವರೇ ಅಂತೆ. ಆಫೀಸಿನಿಂದ ಬಂದು ಅದರ ಮುಂದೆ ಕೂತೇ ಚಹಾ ಕುಡಿಯುತ್ತಿದ್ದರಂತೆ. ಮಾಮಾನ ಬಗ್ಗೆ ಅತ್ತೆ ಇದಕ್ಕಿಂತ ಹೆಚ್ಚು ಮಾತಾಡಿದ್ದನ್ನು ನಾನು ಕೇಳಿಲ್ಲ.

ಮೀನು ಎಂಬ ಮಾತನ್ನೇ ಅಡುಗೆಮನೆಯಲ್ಲಿ ಎತ್ತದ ಮನೆತನ ನಮ್ಮದು. ಓಣಿಯ ಕಟ್ಟೆಯ ಮೇಲೆ ಸಂಜೆ ಪೇಪರು ಹರಡಿಕೊಂಡು, ಯಾವ ತಾಲೂಕು ಯಾವ ರಾಜ್ಯಕ್ಕೆ ಎಂದು ಜಗಳಾಡುತ್ತಿದ್ದವರಿಗೆ ಹೊಸ ವಿಷಯ ಸಿಕ್ಕಿತು. ಪೂಜಾರಿಯವರ ಮನೆಯಲ್ಲಿ ಮೀನು ಬಂದಾವಂತ, ಊಟಕ್ಕ ಯಾವಾಗ ಕರೀತಾರ ಎಂದು ಒಬ್ಬರು. ಮುಂಬೈ ಮೀನು, ಮೊದಲು ಕನ್ನಡ ಕಲಸ್ರಿ ಎಂದು ಇನ್ನೊಬ್ಬರು. ಅಜ್ಜ ಸಿಟ್ಟಿನಿಂದ ಒಳಗೆ ಬಂದ. ನಾನು ಅತ್ತೆಯ ಪರ ವಹಿಸಿ, ಮತ್ಸ್ಯಾವತಾರವನ್ನು ಎಳೆದು ತಂದು, ದೇವರೇ ಮೊದಲು ಮೀನಾಗಿ ಬಂದನಲ್ಲ ಎಂದು ವಾದ ಹೂಡಿದೆ.

"ನಮ್ಮದು ಈಶ್ವರನ ಗುಡಿ, ವಕೀಲವ್ವ," ಅಂದ ಅಜ್ಜ. "ಆ ಕೇಸ್ ಒಯ್ದು ವಿಷ್ಣುನ ಗುಡ್ಯಾಗ ಹಾಕು."

ಆಮೇಲೆ ಅತ್ತೆಯ ಕಡೆ ತಿರುಗಿ ತನ್ನ ತೀರ್ಪು ಕೊಟ್ಟ. "ಇರಲಿ. ಆದ್ರ ಇದರಾಗ ಒಂದ ಸತ್ತು ತೇಲಿದ್ರೂ ಉಳಿದದ್ದೆಲ್ಲಾ ಕೆರಿಗೆ. ದೇವರ ಪೂಜಿ ಮಾಡೋ ಮನ್ಯಾಗ ಹೆಣಾ ತೇಲಬಾರದು."

ಅತ್ತೆ ಆತು ಅಂದಳು. ಆವತ್ತಿನಿಂದ ಅವಳ ಬೆಳಗು ಶುರುವಾಗುತ್ತಿದ್ದದ್ದು ಮೀನು ಎಣಿಸುವುದರಿಂದ.

ಯುಗಾದಿ ದಾಟಿತು. ಮಣ್ಣಿನ ಮಾಳಿಗೆಯ ಮನೆ ಒಳಗೆ ತಣ್ಣಗಿರುತ್ತದೆ, ಖರೆ. ಆದರೆ ಮೀನು ಚಂದ ಕಾಣಲಿ ಎಂದು ತೊಟ್ಟಿ ಇಟ್ಟದ್ದು ಬೆಳಕಿಂಡಿಯ ಕೆಳಗೆ. ಮಧ್ಯಾಹ್ನದ ಬಿಸಿಲು ಮಾಳಿಗೆಯ ಆ ತೂತಿನಿಂದ ನೆಟ್ಟಗೆ ನೀರಿಗೇ ಬೀಳುತ್ತಿತ್ತು. ಕೈ ಅದ್ದಿದರೆ ಸ್ನಾನದ ನೀರಿನಷ್ಟು ಬೆಚ್ಚಗೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ತೊಟ್ಟಿಯನ್ನು ಕತ್ತಲೆ ಮೂಲೆಗೆ ಸರಿಸಿದೆವು, ಸುತ್ತ ಹಸಿ ಗೋಣಿತಟ್ಟು ಹೊದಿಸಿದೆವು. ಗೋಣಿ ತೋಯಿಸಿದಷ್ಟು ಹೊತ್ತು ಸುಖ, ಒಣಗಿದ ಮೇಲೆ ಮೊದಲಿನ ಹಾಗೆಯೇ. ಜೋಳ ತುಂಬುವ ನೆಲದೊಳಗಿನ ಹಗೇವು ಖಾಲಿ ಬಿದ್ದಿದೆ, ಅಲ್ಲಿ ಇಳಿಸೋಣ ಅಂದೆ ನಾನು. ಅದರೊಳಗೆ ಇಳಿದ ಮನುಷ್ಯರೇ ಉಸಿರುಗಟ್ಟಿ ಮೇಲೆ ಬರುತ್ತಾರೆ, ಮೀನಿನ ಪಾಡೇನು ಎಂದು ಅವ್ವ ಬೈದಳು. ಅಪ್ಪ ಸೋಡಾ ಅಂಗಡಿಯಿಂದ ಹೊಟ್ಟಿನಲ್ಲಿ ಹುದುಗಿಸಿಟ್ಟ ಐಸಿನ ಗಡ್ಡೆ ತಂದು ನೀರಿಗೆ ಬಿಟ್ಟ. ಮೀನುಗಳು ಸಟ್ಟನೆ ತಳಕ್ಕಿಳಿದು ವಾಲಿಕೊಂಡವು. ಅತ್ತೆ ಓಡಿ ಬಂದು ಗಡ್ಡೆಯನ್ನು ಎತ್ತಿ, ತೊಳೆದು, ಅಪ್ಪನ ಕೈಗೇ ಕೊಟ್ಟಳು.

"ಇದನ್ನ ನೀ ಶರಬತ್ತಿಗೆ ಹಾಕ್ಕೊ, ಅಣ್ಣಾ. ಇವಕ್ಕ ತಣ್ಣಗ ಆಗಬೇಕು ಖರೆ, ಹಿಂಗ ಒಮ್ಮಿಗೇ ಅಲ್ಲ."

ಮೆಲ್ಲಗೆ ತಣ್ಣಗಾಗುವ ಉಪಾಯ ಅವಳಿಗೆ ಗುಡಿಯಲ್ಲಿ ಕಂಡಿತು. ವೈಶಾಖದ ಸೆಕೆಯಲ್ಲಿ ಲಿಂಗದ ಮೇಲೆ ತಳದಲ್ಲಿ ತೂತಿರುವ ಪಾತ್ರೆ ಕಟ್ಟಿ, ಹಗಲೆಲ್ಲ ಹನಿ ಹನಿ ನೀರು ಬೀಳಿಸುತ್ತಾರೆ, ಅದೇ ಧಾರೆ. ನಮಸ್ಕಾರ ಮಾಡಲು ಹೋದವಳು ಬಂದವಳೇ ಒಂದು ಮಣ್ಣಿನ ಗಡಿಗೆಗೆ ತೂತು ಹಾಕಿ, ಅರಿವೆಯ ಬತ್ತಿ ತುರುಕಿ, ತೊಟ್ಟಿಯ ಮೇಲೆ ತೊಲೆಗೆ ಕಟ್ಟಿದಳು. ಅಜ್ಜ ನೋಡಿ ನಿಂತೇಬಿಟ್ಟ.

"ದೇವರಿಗೆ ಮಾಡೂದನ್ನ ಮೀನಿಗೆ ಮಾಡ್ತೀಯೇನ?"

"ದೇವರಿಗೆ ಸೆಕಿ ಆಗತೈತಿ ಅಂತ ನೀನ ಹೇಳ್ತೀಯಲ್ಲಪ್ಪಾ," ಅಂದಳು ಅತ್ತೆ. "ಇವಕ್ಕ ಆಗೂದಿಲ್ಲೇನು?"

ಇಷ್ಟು ವರ್ಷ ವಾದ ಮಾಡಿದ್ದೇನೆ, ಇಂಥ ಒಂದು ಪ್ರಶ್ನೆ ನನ್ನ ಬಾಯಿಂದ ಬಂದಿಲ್ಲ. ಅಜ್ಜ ಸ್ನಾನಕ್ಕೆ ಹೋದ.

ಧಾರೆಯಿಂದ ಗುಣ ಕಂಡಿತು. ಮಣ್ಣಿನ ಗಡಿಗೆಯಲ್ಲಿ ತಂಪಾದ ನೀರು ಹನಿಹನಿಯಾಗಿ ಬಿದ್ದು ತೊಟ್ಟಿಯ ನೀರನ್ನು ಕಲಕುತ್ತಿತ್ತು. ಮೀನುಗಳು ಬಾಯಿ ಬಿಡುವುದನ್ನು ನಿಲ್ಲಿಸಿ ಕೆಳಗಿಳಿದವು. ಜನ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಬೇಸಿಗೆ ಮುಗಿದಿರಲಿಲ್ಲ.

ನಮ್ಮ ಹಿತ್ತಲ ಬಾವಿಯ ನೀರು ಸವಳು. ಕೆಲವು ದಿನಗಳಲ್ಲಿ ಗಾಜಿನ ಅಂಚಿಗೆ ಬಿಳಿ ಪೊರೆ ಕಟ್ಟಿತು, ಮೀನಿನ ಬಣ್ಣ ಮಾಸಿತು, ಒಂದು ಮೀನು ಅಡ್ಡಡ್ಡ ತೇಲಹತ್ತಿತು. ಕಾರಣ ಹುಡುಕಿದವಳು ನಾನು: ನೀರು ಆರುತ್ತದೆ, ಉಪ್ಪು ಉಳಿಯುತ್ತದೆ, ನಾವು ದಿನಾ ಮತ್ತಷ್ಟು ಉಪ್ಪುನೀರನ್ನೇ ಸುರಿಯುತ್ತೇವೆ. ಸ್ಪರ್ಧೆಯಲ್ಲಿ ಗೆದ್ದವಳಂತೆ ಇದನ್ನು ಮಂಡಿಸಿದೆ. ಹಂಗಾದ್ರ ಏನ್ ಮಾಡೂದು ಎಂದು ಅತ್ತೆ ಕೇಳಿದಳು.

ಸಿಹಿನೀರು ಇದ್ದದ್ದು ಗುಡಿಯ ಬಾವಿಯಲ್ಲಿ. ಬೇಸಿಗೆಯಲ್ಲಿ ಅದಕ್ಕೆ ಬೇರೆಯವರು ಹಗ್ಗ ಬಿಡುವಂತಿರಲಿಲ್ಲ. ಅಜ್ಜನೇ ನಸುಕಿನಲ್ಲಿ ಹಸಿಬಟ್ಟೆಯಲ್ಲಿ ಸೇದಿ, ದೇವರಿಗೊಂದು ಕೊಡ, ಮನೆಯವರು ಕುಡಿಯಲು ಒಂದು ಕೊಡ ತರುತ್ತಿದ್ದ. ನೀರು ಆಳಕ್ಕಿಳಿದು, ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿದ್ದರು. ಕೊರ್ಲಹಳ್ಳಿಯಿಂದ ಯಾರದಾದರೂ ಗಾಡಿಯಲ್ಲಿ ಹೊಳೆಯ ನೀರು ತರಿಸಿದರೆ ಹೇಗೆ ಎಂದು ಅಪ್ಪ ಯೋಚಿಸಿದ. ಅಷ್ಟು ದೂರದಿಂದ ಮೀನಿಗಾಗಿ ನೀರು ಎಂದರೆ ಯಾರು ಗಾಡಿ ಹೂಡುತ್ತಾರೆ. ಅಜ್ಜನನ್ನು ಕೇಳು ಎಂದು ನಾನು ಅತ್ತೆಗೆ ದುಂಬಾಲು ಬಿದ್ದೆ. ಅವಳು ಕೇಳಲಿಲ್ಲ. ಆ ಸಂಜೆ ಉಪ್ಪಿನಕಾಯಿ ಭರಣಿಯನ್ನು ತೊಳೆದು ತೊಟ್ಟಿಯ ಪಕ್ಕದಲ್ಲಿ ಇಟ್ಟಳು. ಒಂದು ಸತ್ತರೆ ಉಳಿದ ನಾಲ್ಕನ್ನು ತಾನೇ ಕೆರೆಗೆ ಒಯ್ಯುವ ತಯಾರಿ ಅದು. ಅಜ್ಜ ಊಟಕ್ಕೆ ಕೂತವನು ಭರಣಿಯನ್ನು ನೋಡಿದ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಅವ್ವನ ಮೇಲೆ ರೇಗಿ ಎದ್ದ.

ಮರುದಿನ ಬೆಳಿಗ್ಗೆ ಧಾರೆಯ ಗಡಿಗೆ ತುಂಬಿತ್ತು. ಅತ್ತೆ ಇನ್ನೂ ಮುಟ್ಟಿರಲಿಲ್ಲ. ಬೆರಳದ್ದಿ ನಾಲಗೆಗೆ ಇಟ್ಟೆ: ಸಿಹಿ. ಗಡಿಗೆಯ ಕಂಠಕ್ಕೆ ವಿಭೂತಿ ಮೆತ್ತಿದ ಬೆರಳುಗಳ ಗುರುತಿತ್ತು. ಸಾಕ್ಷಿ ಸಿಕ್ಕಿದ ಸಂತೋಷದಲ್ಲಿ ಅಜ್ಜನ ಬಳಿ ಓಡುವವಳಿದ್ದೆ, ಅತ್ತೆ ಜಡೆ ಹಿಡಿದು ನಿಲ್ಲಿಸಿದಳು.

"ಕೇಳಬ್ಯಾಡ. ಕೇಳಿದ್ರ ಬಿಟ್ಟಾನು."

ಅವಳು ದಿನಾ ಒಂದೊಂದು ತಂಬಿಗೆ ಹಳೆಯ ನೀರು ತೆಗೆದಳು, ಮೇಲಿನಿಂದ ಸಿಹಿನೀರು ಹನಿಯಿತು. ವಾಲಿದ್ದ ಮೀನು ನೆಟ್ಟಗಾಯಿತು, ತಿನ್ನಲು ಮೇಲೆ ಬಂತು. ಅಜ್ಜ ಈಗ ಇನ್ನೊಂದು ಸಲ ಬಾವಿಗೆ ಹೋಗುತ್ತಿದ್ದ. ಬರುವಾಗ ಗುಡಿಯ ಮೆಟ್ಟಿಲ ಮೇಲೆ ಕೊಡ ಇಳಿಸಿ, ಭುಜ ತಿಕ್ಕಿಕೊಂಡು, ಮತ್ತೆ ಎತ್ತುತ್ತಿದ್ದ. ಹಗಲು ತೊಟ್ಟಿಯ ಮುಂದೆ ಹಾದರೂ ಅದರ ಕಡೆ ನೋಡುತ್ತಿರಲಿಲ್ಲ. ಕಟ್ಟೆಯವರು ಮೀನು ಇನ್ನೂ ಅದಾವೇನ್ರಿ ಎಂದು ಕೆಣಕಿದರೆ, ನನಗ ಗೊತ್ತಿಲ್ಲ, ಮಗಳನ್ನ ಕೇಳ್ರಿ ಅನ್ನುತ್ತಿದ್ದ. ಮಳೆ ಬೀಳುವವರೆಗೆ ನಾನು ಬಾಯಿ ಮುಚ್ಚಿಕೊಂಡು ಇದ್ದೆ. ಅದು ಸಣ್ಣ ಸಾಧನೆಯಲ್ಲ, ನನ್ನನ್ನು ಬಲ್ಲವರಿಗೆ ಗೊತ್ತು.

ರಾಜ್ಯ ಆಯಿತು. ಆ ಸಂಭ್ರಮದ ದೀಪಾವಳಿಗೆ ಅವ್ವನ ತವರಿನವರು ಲಕ್ಷ್ಮೇಶ್ವರದಿಂದ ಬಂದರು. ಅವರ ಊರು ಮೊದಲು ಬೇರೆ ಸಂಸ್ಥಾನದ್ದು. ಈಗ ನಾವೆಲ್ಲ ಒಂದೇ ಮನಿಯವರಾದ್ವಿ ಎಂದು ಹೇಳುತ್ತ ತೊಟ್ಟಿಯ ಮುಂದೆ ನಿಂತರು. ಅಜ್ಜ ಅವರಿಗೆ, ಎಲ್ಲಾ ಧಾರೆಯ ಮಹಿಮೆ ಅಂದ. ಅತ್ತೆ ಹೌದೌದು ಎಂದು ತಲೆಯಾಡಿಸಿದಳು. ನನಗೆ ಮೈಯೆಲ್ಲ ಉರಿಯಿತು. ಅವಳ ಮುಂಬೈಯ ಮನೆಯಿಂದ ಜೀವಂತ ಬಂದದ್ದನ್ನು ಅವಳಿಗೆ ಉಳಿಸಿಕೊಟ್ಟ ಮುದುಕ, ಅದರ ಶ್ರೇಯಸ್ಸನ್ನು ಇನ್ನೊಬ್ಬನ ಲೆಕ್ಕಕ್ಕೆ ಬರೆದು ಆರಾಮಾಗಿ ಅಡಿಕೆ ಕಡಿಯುತ್ತಿದ್ದ.

ಆಮೇಲೆ ಗಮನಿಸಿದ್ದೇನೆ, ಅವನ ರೀತಿಯೇ ಅದು. ನನ್ನನ್ನು ಧಾರವಾಡಕ್ಕೆ ಕಳಿಸುವ ಮಾತು ಬಂದಾಗ ಹೆಣ್ಣುಮಕ್ಕಳಿಗೆ ಕಾಲೇಜು ಯಾಕ ಎಂದು ಮನೆಯೆಲ್ಲ ಕೇಳುವಂತೆ ಗದರಿದ. ಹೊರಡುವ ದಿನ ನನ್ನ ಟ್ರಂಕಿಗೆ ಹಗ್ಗ ಬಿಗಿದು ಸ್ಟೇಶನ್ನಿನವರೆಗೆ ಬಂದವನೂ ಅವನೇ. ನಾನು ಇಂದು ಯಾವ ವೇದಿಕೆಯ ಮೇಲೆ ದೇವರಿಲ್ಲ ಎಂದು ವಾದಿಸಿದರೂ, ಆ ವೇದಿಕೆಯವರೆಗೆ ನನ್ನನ್ನು ಮುಟ್ಟಿಸಿದವರಲ್ಲಿ ಒಬ್ಬ ಪೂಜಾರಿ ಇದ್ದಾನೆ. ಅದನ್ನು ಒಪ್ಪಿಕೊಳ್ಳಲು ನನಗೆ ಸಂತೋಷವೇ.

ಈ ಬೇಸಿಗೆಯ ರಜೆಗೆ ಬಂದಾಗ ನೀರು ತರುವ ಕೆಲಸ ಅಪ್ಪನಿಗೆ ಬಂದಿತ್ತು. ಅಜ್ಜನಿಗೆ ಈಗ ಕೊಡ ಎತ್ತಲಾಗದು. ಕೇಳಿದರೆ ಬಿಟ್ಟಾನು ಎಂಬ ಹೆದರಿಕೆ ಇನ್ನಿರಲಿಲ್ಲ. ಪಡಸಾಲೆಯಲ್ಲಿ ಅವನ ಪಕ್ಕ ಕೂತು, ನೀರು ತಂದವ ನೀನೇ ಎಂದು ನನಗೆ ಗೊತ್ತು ಅಂದೆ. ಅವನು ಅಡಿಕೆ ಕಡಿಯುತ್ತಲೇ ಇದ್ದ. ನನಗೆ ಬೇಕಾದದ್ದು ಅವನ ಒಪ್ಪಿಗೆಯಲ್ಲ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ದೇವರ ಧಾರೆ ಎಂದು ಬಂದವರಿಗೆಲ್ಲ ಹೇಳುತ್ತಾನೆಂದರೆ, ಅವನ ಮಟ್ಟಿಗೆ ಅದು ನಿಜವೇ ಆಗಿತ್ತೋ, ಅಥವಾ ಮಗಳ ಮೇಲಿನ ಮಮತೆಯನ್ನು ಮುಚ್ಚಿಡಲು ಸಿಕ್ಕ ಮಾತೋ, ಅದು ತಿಳಿಯಬೇಕಿತ್ತು. ಅತ್ತೆ ಒಳಗೆ ಇದ್ದಾಳೆಂದು ಖಾತ್ರಿ ಮಾಡಿಕೊಂಡು ಕೇಳಿದೆ:

"ಅಜ್ಜಾ, ಖರೆ ಹೇಳು. ಆ ಗಡಿಗ್ಯಾಗ ನೀರ ಹಾಕುವಾಗ ಮಂತ್ರ ಅಂತಿದ್ದ್ಯೋ, ಇಲ್ಲಾ ಬರೇ ನೀರ ಹಾಕ್ತಿದ್ದ್ಯೋ?"