ಹುಲ್ಲು ಬಂದ ವರ್ಷ

ನನ್ನ ಗಂಡ ಆರ್ಲೆನ್ ಸುಮ್ಮನೆ ಕೂತದ್ದನ್ನು ನಾನು ಕಂಡವಳಲ್ಲ. ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದ ಮೇಲೆ ಆ ಚಡಪಡಿಕೆಯನ್ನೆಲ್ಲ ಮನೆ ಸುತ್ತಲಿನ ಹುಲ್ಲುಹಾಸಿನ ಮೇಲೆ ಸುರಿದ. ವಿಸ್ಕಾನ್ಸಿನ್ನಿನ ನಮ್ಮ ಪುಟ್ಟ ಊರಿನಲ್ಲಿ ಗಂಡಸಿನ ಮರ್ಯಾದೆಯನ್ನು ಅಳೆಯುವುದೇ ಅವನ ಹುಲ್ಲು ನೋಡಿ. ಮೇಪಲ್ ಎಲೆ ಕೆಂಪಾಗುವ ಮೊದಲೇ ಇವನಿಗೆ ಚಳಿಗಾಲದ ಚಿಂತೆ. ಬೋಳಾದ ಕಡೆ ಬೀಜ ಹಾಕಬೇಕು, ಗೊಬ್ಬರ ಚೆಲ್ಲಬೇಕು, ಎಲೆ ಬಾಚಬೇಕು, ಕೊನೆಯ ಸಲ ಗಿಡ್ಡಗೆ ಕತ್ತರಿಸಬೇಕು. ನೆಲ ಹೆಪ್ಪುಗಟ್ಟಿತೆಂದರೆ ಮುಗಿಯಿತು, ಏಪ್ರಿಲ್‌ವರೆಗೆ ಕೈಕಟ್ಟಿ ಕೂರಬೇಕು. ಅದೊಂದು ಮಾತ್ರ ಅವನಿಗೆ ಬರುವುದಿಲ್ಲ.

ಇಷ್ಟು ಅಂದದ ಹುಲ್ಲಿನ ನಡುವೆ ಒಂದೇ ಒಂದು ಕಲೆಯಿತ್ತು. ಪಕ್ಕದ ಮನೆಯ ಹಿಂಬಾಗಿಲಿನಿಂದ ನಮ್ಮ ಅಡುಗೆಮನೆ ಬಾಗಿಲಿನವರೆಗೆ ಸವೆದು ಬರೀ ಮಣ್ಣಾದ ಒಂದು ಪಟ್ಟಿ. ಅದು ಕ್ಲೀಟಸ್‌ನ ಕಾಲಿನ ಕೆಲಸ. ಕ್ಲೀಟಸ್ ಮದುವೆಯಾಗದ ಮನುಷ್ಯ, ಆರ್ಲೆನ್‌ನ ಬಾಲ್ಯದ ಗೆಳೆಯ. ದಿನಾ ಸಂಜೆ ಇಸ್ಪೀಟಿಗೆ ಬರುತ್ತಿದ್ದ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಆರ್ಲೆನ್ ಆ ಪಟ್ಟಿ ಕೆದಕಿ, ಬೀಜ ಹಾಕಿ, ಹಗ್ಗ ಕಟ್ಟುವುದು. ಪ್ರತಿ ಸಂಜೆ ಕ್ಲೀಟಸ್ ಆ ಹಗ್ಗ ದಾಟಿಯೇ ಬರುವುದು.

"ಲೋ, ರಸ್ತೆ ಇರೋದು ಯಾಕೋ? ಸುತ್ಕೊಂಡು ಬಾರೋ!"

"ನಿನ್ ಹುಲ್ಲನ್ನ ಹಸುನೂ ಮೇಯಲ್ಲ, ನಾನು ತುಳಿದ್ರೆ ನಿನ್ ಗಂಟೇನೋ ಹೋಗುತ್ತೆ? ಇಸ್ಪೀಟ್ ಹಂಚು."

ನಾಯಿ ಬಾಲ ಡೊಂಕೇ. ಇಬ್ಬರದೂ.

ಈ ವರ್ಷ ಆಗಸ್ಟಿನಲ್ಲಿ ಕ್ಲೀಟಸ್ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆ, ಅಲ್ಲಿಂದ ನಡಿಗೆ ಕಲಿಸುವ ಕೇಂದ್ರ. ಆರ್ಲೆನ್ ಎಂದಿನಂತೆ ಬೀಜ ಹಾಕಿ ಹಗ್ಗ ಕಟ್ಟಿದ. ಹಗ್ಗ ದಾಟುವವರು ಯಾರೂ ಬರಲಿಲ್ಲ. ಅಕ್ಟೋಬರಿನ ಹೊತ್ತಿಗೆ ಆ ಪಟ್ಟಿಯ ತುಂಬ ಒತ್ತಾಗಿ ಹಸಿರು ಎದ್ದಿತು.

"ಅಂತೂ ಗೆದ್ದೆಯಲ್ಲ!" ಅಂದೆ ನಾನು, ಪೆದ್ದಿಯ ಹಾಗೆ. ಅವನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಆಮೇಲೆ ಅವನನ್ನು ತಡೆಯಲಾಗಲಿಲ್ಲ. ಬಾಚಿದ ಕಡೆಯೇ ಮತ್ತೆ ಬಾಚಿದ. ಕ್ಲೀಟಸ್‌ನ ಅಂಗಳವನ್ನೂ ಬಾಚಿದ. ಸಂಜೆಯಾದರೆ ಕಿಟಕಿಗೆ ಹೋಗುವುದು, ಕೂರುವುದು, ಮತ್ತೆ ಏಳುವುದು. ಮುಳ್ಳಿನ ಮೇಲೆ ಕೂತವರ ಜೊತೆ ಸಂಸಾರ ಮಾಡಿದವರಿಗೇ ಗೊತ್ತು ಆ ಕಷ್ಟ. ನನಗೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಒಂದು ದಿನ ಬೇರೆ ಊರಿನಲ್ಲಿರುವ ಕ್ಲೀಟಸ್‌ನ ತಂಗಿ ಡೆಲೋರಿಸ್ ಬಂದಳು, ಅಣ್ಣನ ಮನೆ ಖಾಲಿ ಮಾಡಿಸುವ ಯೋಚನೆಯಲ್ಲಿ. ನಮ್ಮ ಅಡುಗೆಮನೆಯಲ್ಲಿ ಕೂತು ಕಣ್ಣೊರೆಸಿಕೊಂಡಳು.

"ನನಗೇನು ಇಷ್ಟಾನಾ, ಲವೋನ್? ಮನೆ ಒಳಗೆ ಹಿಡ್ಕೊಂಡು ನಡೆಯೋಕೆ ಕಂಬಿ ಗಿಂಬಿ ಎಲ್ಲ ಹಾಕಿಸಬಹುದು. ಆದ್ರೆ ಸಂಜೆ ಆದ್ರೆ ಈ ಕಡೆ ಹೊರಡ್ತಾನೆ. ಈಗ ವಾಕರ್ ಹಿಡ್ಕೊಂಡೇ ನಡೀಬೇಕು, ಹುಲ್ಲಲ್ಲಿ ಅದರ ಕಾಲು ಹೂತ್ಕೊಳ್ಳುತ್ತೆ, ಮತ್ತೆ ಬೀಳ್ತಾನೆ. ನಮ್ಮೂರ ವೃದ್ಧಾಶ್ರಮದಲ್ಲಿ ಜಾಗ ಕೇಳಿದ್ದೀನಿ."

"ರಸ್ತೆ ಮೇಲೆ ಸುತ್ಕೊಂಡು ಬರ್ತಾನೆ ಬಿಡು," ಅಂದ ಆರ್ಲೆನ್.

"ಯಾವತ್ತಾದ್ರೂ ಬಂದಿದ್ದಾನಾ?"

ಇವನು ಎದ್ದು ಕಿಟಕಿಗೆ ಹೋದ. ಅಲ್ಲಿಂದಲೇ, "ಆಶ್ರಮಕ್ಕೆ ಕರ್ಕೊಂಡು ಹೋಗೋ ಮೊದಲು ಒಂದ್ಸಲ ಅವನನ್ನ ಇಲ್ಲಿಗೆ ಕರ್ಕೊಂಡು ಬಾ," ಅಂದ.

ಮರುದಿನ ಬೆಳಗ್ಗೆ ನೋಡುತ್ತೇನೆ, ಸಲಿಕೆ ಹಿಡಿದು ಆ ಹೊಸ ಹುಲ್ಲನ್ನೇ ಕಿತ್ತು ಚಾಪೆಯಂತೆ ಸುತ್ತುತ್ತಿದ್ದಾನೆ! ಮನೆ ಚಪ್ಪಲಿಯಲ್ಲೇ ಓಡಿದೆ.

"ತಲೆ ಕೆಟ್ಟಿದ್ಯಾ ನಿನಗೆ? ಜೀವಮಾನದಲ್ಲಿ ಒಂದ್ಸಲ ಬಂದಿರೋ ಹುಲ್ಲು!"

"ಕಲ್ಲು ಹಾಕ್ತೀನಿ."

ಸಿಮೆಂಟಿನ ಚಪ್ಪಡಿಗಳು ಬಂದವು. ಚಳಿಗೆ ಮಣ್ಣಿನ ನೀರು ಹೆಪ್ಪುಗಟ್ಟಿ ನೆಲ ಉಬ್ಬಿದರೆ ಕಲ್ಲು ಎದ್ದು ಕೂರುತ್ತದೆ. ಆಳಕ್ಕೆ ಅಗೆದು, ಜಲ್ಲಿ ತುಂಬಿ, ಗುದ್ದಿ ಗಟ್ಟಿ ಮಾಡಬೇಕು. ರೇಡಿಯೋದವನು ದಿನಾ ಹಿಮ ಬಂತು ಬಂತು ಅಂತ ಹೆದರಿಸುತ್ತಿದ್ದ. ಇವನಿಗೆ ಊಟವಿಲ್ಲ, ನಿದ್ದೆಯಿಲ್ಲ.

"ತಾಳಿದವನು ಬಾಳಿಯಾನು. ಒಳಗೆ ಬಂದು ಎರಡು ತುತ್ತು ತಿನ್ನು," ಅಂದೆ.

"ನೆಲ ತಾಳಲ್ಲ, ಲವೋನ್."

ಇನ್ನೇನು ಮಾಡಲಿ, ನಾನೂ ಕೈಗಾಡಿ ಹಿಡಿದೆ. ಉಳಿದ ಹುಲ್ಲು ಅನಾಥವಾಯಿತು. ಎಲೆ ಬಿದ್ದಲ್ಲೇ ಕೊಳೆಯಿತು, ಗೊಬ್ಬರದ ಚೀಲ ಬಿಚ್ಚಲೇ ಇಲ್ಲ, ಬೀದಿಯವರು ಕಾರು ನಿಧಾನಿಸಿ ನೋಡಿ ಹೋದರು. ಆರ್ಲೆನ್ ತಲೆ ಎತ್ತಲಿಲ್ಲ. ಡೆಲೋರಿಸ್ ಆಗಲ್ಲ ಅಂದುಬಿಟ್ಟರೆ ಈ ಖಾಲಿ ದಾರಿಯನ್ನು ಇವನು ಹೇಗೆ ನೋಡುತ್ತಾನೋ ಎಂದು ನನಗೆ ಒಳಗೊಳಗೇ ಭಯ. ಕೊನೆಯ ಕಲ್ಲು ಕೂರಿಸಿ, ಹಿಮ ಬಿದ್ದಾಗ ದಾರಿಯ ಗುರುತು ತಪ್ಪದಿರಲೆಂದು ಎರಡೂ ಅಂಚಿಗೆ ಕೋಲು ನೆಟ್ಟ. ಕೊನೆಯ ಕೋಲಿಗೆ ನೆಲ ಆಗಲೇ ಬಿಗಿದಿತ್ತು, ಸುತ್ತಿಗೆಯಿಂದ ಹೊಡೆಯಬೇಕಾಯಿತು.

ಆ ವಾರವೇ ಡೆಲೋರಿಸ್‌ಳ ಕಾರು ಬಂತು. ಇಳಿದ ಕ್ಲೀಟಸ್ ಅರ್ಧಕ್ಕರ್ಧ ಸೊರಗಿಹೋಗಿದ್ದ. ಅವನನ್ನು ಅವನ ಹಿಂಬಾಗಿಲಲ್ಲಿ ನಿಲ್ಲಿಸಿ ಅವಳು ಕಲ್ಲಿನ ಮೇಲೆ ಕಾಲಿಟ್ಟಳು. ಹಿಮ್ಮಡಿಯಿಂದ ಗುದ್ದಿ ನೋಡಿದಳು. ನಮ್ಮ ಬಾಗಿಲವರೆಗೆ ನಡೆದು ಬಂದಳು. ಆರ್ಲೆನ್ ಟೋಪಿ ತೆಗೆಯುತ್ತಿದ್ದ, ಹಾಕುತ್ತಿದ್ದ.

"ಹಿಮ ಯಾರು ಎತ್ತೋದು?"

"ನಾನು," ಅಂದ ಆರ್ಲೆನ್.

"ಬೇರೆ ಏನು ಕೆಲಸ ಇದೆ ಅವನಿಗೆ," ಅಂದೆ ನಾನು.

ಅವಳು ಅಣ್ಣನ ಕಡೆ ತಿರುಗಿ ನೋಡಿದಳು. "ಆಯ್ತು. ಈ ಚಳಿಗಾಲ ಇಲ್ಲೇ ಇರ್ಲಿ, ನೋಡೋಣ."

ಕ್ಲೀಟಸ್ ಹೊರಟ. ವಾಕರ್ ಎತ್ತಿಡುತ್ತ, ನಿಲ್ಲುತ್ತ, ಮತ್ತೆ ಎತ್ತಿಡುತ್ತ. ಅರ್ಧ ದಾರಿಯಲ್ಲಿ ನಿಂತು ಕಲ್ಲನ್ನು ನೋಡಿದ, ಆರ್ಲೆನ್‌ನನ್ನು ನೋಡಿದ. ಆಮೇಲೆ ವಾಕರನ್ನು ಗಟ್ಟಿಯಾಗಿ ಹಿಡಿದುಕೊಂಡು, ಬೇಕೆಂದೇ ಒಂದು ಕಾಲನ್ನು ಪಕ್ಕದ ಹುಲ್ಲಿನ ಮೇಲಿಟ್ಟು ಚೆನ್ನಾಗಿ ತಿಕ್ಕಿದ.

"ಲೋ! ಹುಲ್ಲು ತುಳೀಬೇಡ್ವೋ!"

ಇಡೀ ಬೀದಿಗೆ ಕೇಳುವಂತೆ ಕೂಗಿದ ನನ್ನ ಗಂಡ, ಕಣ್ಣಿಂದ ನೀರು ಸುರಿಸಿಕೊಂಡು.

"ಇಸ್ಪೀಟ್ ಹಂಚು," ಅಂದ ಕ್ಲೀಟಸ್.