‘ಕಾಣೆಯಾಗಿದ್ದಾರೆ’ ಅಳಿಸಲು ಕೂತ ಗಾಯತ್ರಿ

ಹೊನ್ನಾವರದ ಬಸ್‌ಸ್ಟ್ಯಾಂಡ್ ಎದುರಿನ ಓಣಿಗೆ ಇನ್ನೂ ಬೆಳಕು ಬಂದಿಲ್ಲ. ಗಾಯತ್ರಿ ಆಗಲೇ ಡಿಟಿಪಿ ಅಂಗಡಿಯ ಶಟರ್ ಎತ್ತಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಹಗಲಿನ ಕರೆಂಟನ್ನು ನಂಬುವಂತಿಲ್ಲ. ತಲೆನೋವಿನ ಕೆಲಸವೆಲ್ಲ ನಸುಕಿಗೇ. ಇವತ್ತಿನದು ಸೊಸೈಟಿಯೊಂದರ ವರದಿ. ಅಧ್ಯಕ್ಷರ ಹೆಸರು ಬದಲಿಸಬೇಕು, ಆದರೆ ಬಂದಿರುವುದು ಪಿಡಿಎಫ್.

“ಒಂದೇ ಹೆಸ್ರಲ್ವಾ, ಚೂರು ತಿದ್ದಿಕೊಡಿ ಅಂತ್ರು. ಅದು ಅಚ್ಚಾದ ಕಾಗದ ಇದ್ದಾಂಗೆ. ಕೆರೆಯೂಕೆ ಹೋದ್ರೆ ಹರೀತದೆ,” ಎನ್ನುತ್ತಾರೆ ಗಾಯತ್ರಿ.

ತಿದ್ದಲು ತೆರೆದರೆ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಬೀಳುತ್ತದೆ. ಫೈಲಿನೊಳಗೆ ಮೊದಲು ಬಳಸಿದ ಅಕ್ಷರಗಳಷ್ಟೇ ಇರುತ್ತವೆ. ಹೊಸದು ಹೊಡೆದರೆ ಖಾಲಿ ಚೌಕ ಮೂಡುತ್ತದೆ. ಹಳೆಯ ಸಾಲಿಗೆ ಬಿಳಿ ಪಟ್ಟಿ ಮುಚ್ಚಿ, ಮೇಲೆ ಹೊಸ ಸಾಲು ಕೂರಿಸುವುದೇ ಗಾಯತ್ರಿ ಕಂಡುಕೊಂಡ ದಾರಿ. ಕುಮಟೆಯ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಅವರು. ಪ್ರೆಸ್ ಮುಚ್ಚಿದ ಮೇಲೆ ಕಂಪ್ಯೂಟರ್ ಕಲಿತರು. ಈಗ ಕುತ್ತಿಗೆಗೆ ಬೆಲ್ಟು, ಕಣ್ಣಲ್ಲಿ ಸದಾ ನೀರು.

ಹೋದ ವರ್ಷ, ೨೦೦೬ರಲ್ಲಿ, ಮಾವಿನಕುರ್ವೆಯ ಜಟ್ಟನ ದೋಣಿ ಮಗುಚಿತು. ಭಟ್ಕಳದಲ್ಲಿ ಮಾಡಿಸಿದ, ಮನೆಯವರ ಹೆಸರಿದ್ದ ‘ಕಾಣೆಯಾಗಿದ್ದಾರೆ’ ಚೀಟಿಗಳನ್ನು ಊರೂರಿಗೆ ಅಂಟಿಸಿದರು. ಕೊನೆಗೆ ಮುರ್ಡೇಶ್ವರದ ಬಳಿ ಹೆಣ ಸಿಕ್ಕಿತು. ಜಟ್ಟನ ತಮ್ಮ ಮಾದೇವ ಅದೇ ಚೀಟಿಯ ಪಿಡಿಎಫ್ ಇದ್ದ ಸೀಡಿ ಹಿಡಿದು ಅಂಗಡಿಗೆ ಬಂದ.

“ಅಕ್ಕಾ, ಫೋಟೋ ಬೇರೆ ಇಲ್ಲ. ಇದ್ರಲ್ಲೇ ಕಾಣೆ ಅನ್ನೂದು ತೆಗ್ದು, ತೀರ್ಕಂಡ್ರು ಅಂತ ಹಾಕು. ಉತ್ತರಕ್ರಿಯೆಗೆ ಹಂಚೂಕೆ ಈಗ್ಲೇ ಬೇಕು.”

ಆ ಫೈಲಿನಲ್ಲಿ ‘ತೀ’ ಅಕ್ಷರವೇ ಇರಲಿಲ್ಲ. ಗಾಯತ್ರಿ ಬಿಳಿ ಪಟ್ಟಿ ಮುಚ್ಚಿ ಬೇರೆ ಅಕ್ಷರದಲ್ಲಿ ಹೊಡೆದರು. ಮಾದೇವ ಬಾಗಿಲಲ್ಲೇ ನಿಂತಿದ್ದ. ಅವಸರದಲ್ಲಿ ಅಚ್ಚಾಯಿತು.

ಮರುದಿನ ಜಟ್ಟನ ಹೆಂಡತಿ ತಿಮ್ಮಿ ಹೊಳೆ ದಾಟಿ ಬಂದು ಕಾಗದವನ್ನು ಮೇಜಿನ ಮೇಲಿಟ್ಟಳು. “ಎಲ್ರ ಹೆಸ್ರೂ ಉಂಟು. ನಾ ಎಲ್ಲಿ?”

ಬಿಳಿ ಪಟ್ಟಿ ಕೆಳಗಿನ ಸಾಲಿನ ಮೇಲೂ ಕೂತಿತ್ತು. ಅಲ್ಲಿದ್ದದ್ದು ‘ಹೆಂಡತಿ ತಿಮ್ಮಿ’.

ಗಾಯತ್ರಿ ಉಳಿದ ಕೆಲಸ ಬಿಟ್ಟು ಇಡೀ ಪತ್ರವನ್ನು ಮೊದಲಿಂದ ಹೊಡೆದರು, ಅಂಟಿಸಿದ್ದ ಚೀಟಿಯಿಂದ ಫೋಟೋ ಸ್ಕ್ಯಾನ್ ಮಾಡಿದರು. ತಿಮ್ಮಿಯ ಜೊತೆ ತಾವೇ ಮನೆಮನೆಗೆ ಹೋದರು. ಕೆಲವರು ಹೊಸ ಪತ್ರ ತಕ್ಕೊಂಡರು. ಜಟ್ಟನ ಅಣ್ಣ ಹಮ್ಮ ಮಾತ್ರ ಮೆಟ್ಟಿಲಿಂದಲೇ ಹೇಳಿದ: “ಆದದ್ದು ಆತು. ಸತ್ತವ್ರ ಪತ್ರ ಎರಡು ಸಲ ಮನೆಯೊಳಗೆ ತಕಂಬೂದಿಲ್ಲ.” ತಿಮ್ಮಿ ಉಳಿದ ಪತ್ರಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದಳು.

ಆಮೇಲೆ ಅವಳು ಅಂಗಡಿಗೆ ಬಂದಿಲ್ಲ. ಗಾಯತ್ರಿಯೂ ಆ ದಡಕ್ಕೆ ಹೋಗಿಲ್ಲ.

“ಈಗ ಸತ್ತವ್ರ ಪತ್ರ ಯಾರೇ ತರ್ಲಿ, ತಿದ್ದೂದಿಲ್ಲ, ಹೊಸದೇ ಹೊಡೀತೆ,” ಎನ್ನುತ್ತಾರೆ ಅವರು, ಕಣ್ಣೊರೆಸಿಕೊಂಡು. “ಮನೆ ಹೆಂಗಸ್ರನ್ನ ಕರ್ಸಿ, ಇಲ್ಲೇ ಕೂರ್ಸಿ, ಹೆಸ್ರು ಒಂದೊಂದೇ ಓದಿ ಹೇಳ್ತೆ. ಅವ್ರು ಹೂಂ ಅಂದ್ಮೇಲೇ ಪ್ರಿಂಟು.”